ಪದವಿ ವಿದ್ಯಾರ್ಥಿಗಳ ಸಂಶೋಧನಾ ಅನುದಾನ: ವಾರ್ಷಿಕ ವರದಿಯಲ್ಲಿ ಕೈಕೊಟ್ಟ ಪ್ರಯೋಗವನ್ನು ಹೇಗೆ ಬರೆಯಬೇಕು?

ಅಡಿಕೆನಾಡಿನ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜು ಯೋಜನೆಯಡಿ ನಮಗೆ ಬಂದ ಅನುದಾನದಲ್ಲಿ ಒಂದು ಪಾಲನ್ನು ಬಿ.ಎಸ್ಸಿ. ವಿದ್ಯಾರ್ಥಿಗಳ ಕಿರು ಸಂಶೋಧನೆಗೆ ಮೀಸಲಿಟ್ಟಿದ್ದೇವೆ. ಕಳೆದ ಮಳೆಗಾಲದಲ್ಲಿ ಐದನೇ ಸೆಮಿಸ್ಟರಿನ ಆರು ಮಕ್ಕಳು ಅಡಿಕೆಯ ಎಲೆಚುಕ್ಕಿ ರೋಗವನ್ನು ಕೈಗೆತ್ತಿಕೊಂಡರು. ತಮ್ಮ ಮನೆಯ ತೋಟಗಳಿಂದಲೇ ಚುಕ್ಕಿ ಬಿದ್ದ ಸೋಗೆಯ ತುಂಡುಗಳನ್ನು ತಂದು, ಕೊಲೆಟೋಟ್ರೈಕಮ್ ಶಿಲೀಂಧ್ರವನ್ನು ಬೇರ್ಪಡಿಸಿ, ಅದರ ಮೇಲೆ ಲಕ್ಕಿ ಸೊಪ್ಪು, ಬೇವು ಮತ್ತು ಬೆಳ್ಳುಳ್ಳಿಯ ರಸವನ್ನು ಪರೀಕ್ಷಿಸಿದರು.

ಮೊದಲ ಸುತ್ತಿನ 24 ಪ್ಲೇಟುಗಳಲ್ಲಿ ಬೆಳ್ಳುಳ್ಳಿ ರಸ ಸೇರಿಸಿದವುಗಳಲ್ಲಿ ಶಿಲೀಂಧ್ರದ ಬೆಳವಣಿಗೆ ಕಣ್ಣಿಗೆ ಕಾಣುವಷ್ಟು ಕುಗ್ಗಿತ್ತು. ಮಕ್ಕಳ ಸಂತೋಷ ಹೇಳತೀರದು. ಎರಡನೆಯ ಸುತ್ತಿನಲ್ಲಿ ಕರೆಂಟು ಹೋಗಿ ಒಂಬತ್ತು ಪ್ಲೇಟುಗಳಿಗೆ ಹಸಿರು ಬೂಷ್ಟು ಹತ್ತಿತು. ಉಳಿದವುಗಳಲ್ಲಿ ಬೆಳ್ಳುಳ್ಳಿಯಿಂದಲೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಲಕ್ಕಿ ಮತ್ತು ಬೇವು ಎರಡೂ ಸುತ್ತಿನಲ್ಲಿ ನಿಷ್ಫಲವಾದವು.

ಈಗ ವಾರ್ಷಿಕ ಪ್ರಗತಿ ವರದಿ, ಖರ್ಚಿನ ತಖ್ತೆ ಮತ್ತು ಹಣ ಬಳಕೆ ಪ್ರಮಾಣಪತ್ರ ಮೂರನ್ನೂ ಕಳುಹಿಸಬೇಕು. "ಮೊದಲ ಸುತ್ತಿನ ಫಲಿತಾಂಶವನ್ನಷ್ಟೇ ಬರೆದು, ಆಶಾದಾಯಕ ಎಂದು ಮುಗಿಸಿ" ಎಂಬುದು ನಮ್ಮ ಕಚೇರಿಯ ಸಲಹೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಈ ಯೋಜನೆಗೆ ಇಟ್ಟಿದ್ದ 18,000 ರೂಪಾಯಿಯಲ್ಲಿ 2,740 ಉಳಿದಿದೆ, ಅದನ್ನೇನು ಮಾಡಬೇಕೆಂದೂ ತಿಳಿಯದು. ಇನ್ನೊಂದು ಸಂಕಟವೆಂದರೆ, ಶಿಲೀಂಧ್ರವನ್ನು ಬೇರ್ಪಡಿಸಿ ಮೊದಲ ಸುತ್ತನ್ನು ಬಹುಪಾಲು ಒಬ್ಬಳೇ ನಡೆಸಿದ ಹುಡುಗಿ ಮನೆಯ ತೊಂದರೆಯಿಂದ ಸೆಪ್ಟೆಂಬರಿನಲ್ಲಿ ಕಾಲೇಜು ಬಿಟ್ಟಳು. ಈಗ ದಾಖಲಾತಿಯಲ್ಲಿ ಇಲ್ಲದವಳ ಹೆಸರನ್ನು ವರದಿಯಲ್ಲಿ ಸೇರಿಸಬಾರದು ಎನ್ನುತ್ತಾರೆ. ಅನುಭವಸ್ಥರು ದಯವಿಟ್ಟು ತಿಳಿಸಿ.

ಹಳೆಯ ಲೆಡ್ಜರ್

ಮೇಡಂ, ನಾನು ಕಾಲೇಜು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತನಾದವನು. ಹಣದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು (ಜಿ.ಎಫ್.ಆರ್.) ಅನ್ವಯಿಸುತ್ತವೆ. ನಿಮ್ಮಂಥ ಸಂಸ್ಥೆಗಳು ಬಳಕೆ ಪ್ರಮಾಣಪತ್ರವನ್ನು, ಅಂದರೆ ನಾವೆಲ್ಲ ಯು.ಸಿ. ಎನ್ನುವುದನ್ನು, ಜಿ.ಎಫ್.ಆರ್. 12-ಎ ನಮೂನೆಯಲ್ಲಿ ಕೊಡಬೇಕು. ಅದರಲ್ಲಿ ವರ್ಷದ ಆರಂಭದ ಶಿಲ್ಕು, ಅದರ ಮೇಲೆ ಬಂದ ಬಡ್ಡಿ, ಸರ್ಕಾರಕ್ಕೆ ಮರಳಿಸಿದ ಬಡ್ಡಿ, ಆ ವರ್ಷ ಬಂದ ಅನುದಾನ, ಖರ್ಚು ಮತ್ತು ಅಂತಿಮ ಶಿಲ್ಕು ಎಂದು ಬೇರೆ ಬೇರೆ ಅಂಕಣಗಳೇ ಇವೆ. ಉಳಿದ 2,740 ರೂಪಾಯಿಯನ್ನು ಅಂತಿಮ ಶಿಲ್ಕಿನಲ್ಲಿ ಇದ್ದದ್ದು ಇದ್ದಹಾಗೆ ತೋರಿಸಿ. ಹಣ ಉಳಿಯುವುದು ತಪ್ಪಲ್ಲ. ಉಳಿದದ್ದನ್ನು ಮುಚ್ಚಲು ಮಾರ್ಚ್ 30ಕ್ಕೆ ಬೇಡದ ಬೀಕರು, ಪಿಪೆಟ್ಟು ಕೊಂಡು ಕಪಾಟು ತುಂಬುವುದು ತಪ್ಪು, ಮತ್ತು ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಡ್ಡಿಯ ವಿಷಯದಲ್ಲಿ ಎಚ್ಚರವಿರಲಿ. ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮಗೊಂಡ ಕೂಡಲೇ ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ಮುಂದಿನ ಕಂತಿನಲ್ಲಿ ಮುರಿದುಕೊಳ್ಳಿ ಎನ್ನುವಂತಿಲ್ಲ. ಇದು ನಿಯಮ 230ರಲ್ಲಿ ಇದೆ. ಭಾರತ್‌ಕೋಶ್ ಜಾಲತಾಣದಲ್ಲಿ ಕಟ್ಟಬಹುದು. ಶೂನ್ಯ ಶಿಲ್ಕಿನ ಖಾತೆಯ ಮೂಲಕ, ಅಂದರೆ ಖರ್ಚು ಮಾಡುವಾಗಲಷ್ಟೇ, ಹಣ ಬರುವ ಯೋಜನೆಗಳಲ್ಲಿ ಬಡ್ಡಿಯ ಪ್ರಶ್ನೆಯೇ ಏಳುವುದಿಲ್ಲ. ನಿಮ್ಮದು ಯಾವ ಬಗೆಯ ಖಾತೆಯೆಂದು ಮೊದಲು ಕಚೇರಿಯಲ್ಲಿ ವಿಚಾರಿಸಿ.

ಕಚೇರಿಯ ಸಲಹೆಯ ಬಗ್ಗೆ ಒಂದು ಮಾತು. 12-ಎ ಎಂದರೆ ಬರೀ ಹಣದ ಲೆಕ್ಕವೆಂದು ಅನೇಕರು ತಿಳಿದಿದ್ದಾರೆ. ಅದರ ಕೆಳಗಿನ ದೃಢೀಕರಣದಲ್ಲಿ ಯೋಜನೆಯ ಭೌತಿಕ ಸಾಧನೆಯ ಮಾತೂ ಇದೆ. ಆದ್ದರಿಂದ ವರದಿಯಲ್ಲಿ ಅರ್ಧ ಸತ್ಯ ಬರೆದರೆ, ಯು.ಸಿ.ಗೆ ಸಹಿ ಹಾಕುವ ಪ್ರಾಂಶುಪಾಲರನ್ನೇ ಇಕ್ಕಟ್ಟಿಗೆ ಸಿಲುಕಿಸಿದ ಹಾಗೆ.

ಬಯಲುಸೀಮೆ

ಲೆಡ್ಜರ್ ಸರ್, ನಮ್ಮ ಕಚೇರಿಯಲ್ಲಿ ನಿಮ್ಮಂಥವರು ಒಬ್ಬರಿದ್ದಿದ್ದರೆ ನನ್ನ ಮೂರು ಬೇಸಿಗೆ ರಜೆಗಳು ಉಳಿಯುತ್ತಿದ್ದವು.

ನೇರಮಾತು

ನಾನು ಬೇರೆ ಮಾತು ಹೇಳುತ್ತೇನೆ, ಯಾರೂ ಬೇಸರಿಸಬಾರದು. ಹದಿನೈದು ವರ್ಷಗಳಿಂದ ಇಂಥ ವರದಿಗಳನ್ನು ಬರೆಯುತ್ತಿದ್ದೇನೆ. ಎರಡನೆಯ ಪುಟದ ಆಚೆ ಯಾರಾದರೂ ಓದಿದ್ದಕ್ಕೆ ಇದುವರೆಗೆ ನನಗೆ ಒಂದು ಸಾಕ್ಷಿಯೂ ಸಿಕ್ಕಿಲ್ಲ. ಪರಿಶೀಲಕರು ನೋಡುವುದು ಎಷ್ಟು ವಿದ್ಯಾರ್ಥಿಗಳು, ಎಷ್ಟು ಯೋಜನೆಗಳು, ಎಷ್ಟು ಖರ್ಚು ಎಂಬುದನ್ನು. ಮೇಡಂ ಅವರು ವಿಫಲ ಎಂದು ಬರೆದು, ಅದರಿಂದ ಮುಂದಿನ ಕಂತು ತಡವಾದರೆ, ನಷ್ಟ ಅನುಭವಿಸುವವರು ಮುಂದಿನ ವರ್ಷದ ಮಕ್ಕಳು. ಒಂದು ವಿಶೇಷಣದ ಪ್ರಶ್ನೆಗಾಗಿ ಅವರ ಅವಕಾಶವನ್ನು ಪಣಕ್ಕಿಡಬೇಕೇ? ಮೊದಲ ಸುತ್ತಿನ ಫಲಿತಾಂಶ ಸುಳ್ಳೇನೂ ಅಲ್ಲವಲ್ಲ.

ಮೈಸೂರಿನ ಹಳೆಯ ವಿದ್ಯಾರ್ಥಿನಿ

ನೇರಮಾತು ಸರ್, ವಿದ್ಯಾರ್ಥಿಯ ಕಡೆಯಿಂದ ಉತ್ತರಿಸಲು ಅವಕಾಶ ಕೊಡಿ. ನಾನು ಬಿ.ಎಸ್ಸಿ. ಓದಿದ್ದು ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನದ ನೆರವಿನಿಂದ. 2008ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ವಿದ್ಯಾರ್ಥಿವೇತನ, 20,000 ಬೇಸಿಗೆಯ ಸಂಶೋಧನೆಗೆ. ಮುಂದಿನ ವರ್ಷಕ್ಕೆ ಮುಂದುವರಿಯಬೇಕಾದರೆ ಅಂಕಪಟ್ಟಿಯ ಜೊತೆಗೆ ಬೇಸಿಗೆ ಯೋಜನೆಯ ವರದಿಯನ್ನೂ ಮಾರ್ಗದರ್ಶಕರ ಪ್ರಮಾಣಪತ್ರವನ್ನೂ ಸಲ್ಲಿಸಬೇಕಿತ್ತು. ಅಂದರೆ ಇಲ್ಲಿ ವರದಿ ಬರೆಯುವ ಹೊಣೆ ಹದಿನೆಂಟು ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯ ಮೇಲೆಯೇ ಬೀಳುತ್ತದೆ.

ಮೊದಲ ಬೇಸಿಗೆಯಲ್ಲಿ ನಾನು 40 ಪುಟಗಳ ವರದಿ ಬರೆದೆ. ಸುರುಳಿ ಬೈಂಡಿಂಗ್ ಮಾಡಿಸಿ, ಬಣ್ಣದ ಮುಖಪುಟ ಹಾಕಿಸಿ, ಹೆಮ್ಮೆಯಿಂದ ಮಾರ್ಗದರ್ಶಕರ ಮೇಜಿನ ಮೇಲಿಟ್ಟೆ. ಅವರು ನಿಧಾನವಾಗಿ ಪುಟ ತಿರುವಿ, "ನೀನು ಮಾಡಿದ್ದು ಯಾವ ಪುಟದಲ್ಲಿದೆಯಮ್ಮ?" ಎಂದು ಕೇಳಿದರು. ಎಣಿಸಿ ನೋಡಿದರೆ 31 ಪುಟ ಪೀಠಿಕೆ, ಅದೂ ಅಲ್ಲಿ ಇಲ್ಲಿಂದ ಎತ್ತಿದ್ದು. ನನ್ನ ಕೆಲಸ ನಾಲ್ಕೇ ಪುಟ. ನಾಲ್ಕು ವಾರ ಬಫರ್ ದ್ರಾವಣದ ಪಿ.ಎಚ್., ಅಂದರೆ ಆಮ್ಲತೆಯ ಮಟ್ಟ, ಸರಿಹೊಂದದೆ ಒದ್ದಾಡಿದ್ದು, ಕೊನೆಗೆ ಅದನ್ನು ಅಳೆಯುವ ಎಲೆಕ್ಟ್ರೋಡ್ ಕೆಟ್ಟಿದೆಯೆಂದು ಕಂಡುಹಿಡಿದದ್ದು, ಆ 40 ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. "ಇದನ್ನೇ ಬರೆ, ಉಳಿದದ್ದನ್ನು ತೆಗೆ" ಎಂದರು. ಹನ್ನೊಂದು ಪುಟಗಳ ವರದಿಯನ್ನು ಮತ್ತೆ ಬರೆದೆ. ವಿದ್ಯಾರ್ಥಿವೇತನ ನಿಲ್ಲಲಿಲ್ಲ.

ವಿಜ್ಞಾನ ಅಕಾಡೆಮಿಗಳು ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ನನ್ನ ಗೆಳತಿಗೆ ಎರಡು ತಿಂಗಳ ಕೊನೆಯ ವರದಿಯಲ್ಲದೆ ನಾಲ್ಕು ವಾರಕ್ಕೊಂದು ಮಧ್ಯಂತರ ವರದಿಯೂ ಇತ್ತು. ಆಗ ಅದನ್ನು ಕಿರುಕುಳವೆಂದು ಗೊಣಗಿದ್ದೆವು. ನಾಲ್ಕನೆಯ ವಾರದಲ್ಲೇ ಬರೆಯಲು ಕೂತಿದ್ದರೆ ಆ ಎಲೆಕ್ಟ್ರೋಡ್ ನನಗೆ ಎರಡು ವಾರ ಮೊದಲೇ ಸಿಕ್ಕಿಬೀಳುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಯಾರೂ ಓದದಿದ್ದರೂ, ಬರೆಯುವ ವಿದ್ಯಾರ್ಥಿಯಾದರೂ ಓದುತ್ತಾಳೆ ಸರ್.

ಶಿಲೀಂಧ್ರ ಪ್ರಿಯ

ಎಲೆಚುಕ್ಕಿ ರೋಗದ ವಿಷಯವಾದ್ದರಿಂದ ಸುಮ್ಮನಿರಲಾರೆ. ನೇರಮಾತು ಅವರೇ, ಇದು ಒಂದು ವಿಶೇಷಣದ ಪ್ರಶ್ನೆಯಲ್ಲ. ಮಲೆನಾಡಿನಲ್ಲಿ ಈ ರೋಗದಿಂದ ತೋಟಗಳೇ ಕೆಂಪಗೆ ಸುಟ್ಟಂತೆ ನಿಂತಿವೆ, ಕೃಷಿಕರು ಯಾರು ಏನು ಹೇಳಿದರೂ ಸಿಂಪಡಿಸಲು ಸಿದ್ಧರಿದ್ದಾರೆ. "ಸರ್ಕಾರಿ ಅನುದಾನದ ಸಂಶೋಧನೆಯಲ್ಲಿ ಬೆಳ್ಳುಳ್ಳಿ ಆಶಾದಾಯಕ" ಎಂಬ ಒಂದು ಸಾಲು ಊರಿನ ವಾಟ್ಸಾಪ್ ಗುಂಪಿಗೆ ತಲುಪಲು ಎಷ್ಟು ಹೊತ್ತು ಬೇಕು?

ಮೇಡಂ, ನಿಮಗೊಂದು ತಾಂತ್ರಿಕ ಪ್ರಶ್ನೆ. ರಸವನ್ನು ಮಾಧ್ಯಮಕ್ಕೆ (ಪ್ಲೇಟಿನಲ್ಲಿ ಶಿಲೀಂಧ್ರ ಬೆಳೆಯುವ ಆಹಾರಕ್ಕೆ) ಸೇರಿಸಿದ್ದು ಆಟೋಕ್ಲೇವ್ ಮಾಡುವ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ) ಮೊದಲೋ, ಆಮೇಲೋ? ಬೆಳ್ಳುಳ್ಳಿಯಲ್ಲಿ ಶಿಲೀಂಧ್ರವನ್ನು ತಡೆಯುವ ಮುಖ್ಯ ಸಂಯುಕ್ತ ಅಲಿಸಿನ್. ಅದು ಶಾಖ ತಾಳದು. 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿದರೆ ಅದರಲ್ಲಿ ಉಳಿಯುವುದು ವಾಸನೆ ಮಾತ್ರ. ಆದ್ದರಿಂದ ರಸವನ್ನು ಬಿಸಿ ಮಾಡದೆ, ಸೂಕ್ಷ್ಮಜೀವಿಗಳನ್ನು ತಡೆಯುವಷ್ಟು ಸಣ್ಣ ರಂಧ್ರದ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ, ಮಾಧ್ಯಮ ಕೈಗೆ ಹಿತವಾಗುವಷ್ಟು ಆರಿದ ಮೇಲೆ ಸೇರಿಸಬೇಕು. ಎರಡು ಸುತ್ತಿನಲ್ಲಿ ಎರಡು ಬಗೆಯಲ್ಲಿ ಮಾಡಿದ್ದರೆ, ನಿಮ್ಮ ಪ್ರಯೋಗ ವಿಫಲವಾಗಿಲ್ಲ. ಅದು ಬೇರೆಯದೇ ಪ್ರಶ್ನೆಗೆ ಉತ್ತರ ಕೊಟ್ಟಿದೆ. ವರದಿಯಲ್ಲಿ ಬರೆಯಬೇಕಾದದ್ದು ಅದನ್ನೇ.

ಅಡಿಕೆನಾಡಿನ ಉಪನ್ಯಾಸಕಿ

ಶಿಲೀಂಧ್ರ ಪ್ರಿಯ ಸರ್, ನಿಮ್ಮ ಪ್ರಶ್ನೆ ಓದಿ ಎದೆ ಝಲ್ಲೆಂದಿತು. ಎರಡನೆಯ ಸುತ್ತಿನಲ್ಲಿ ರಸ ಸೇರಿಸಿಯೇ ಆಟೋಕ್ಲೇವ್ ಮಾಡಿದರು, ಅದು ನನಗೆ ಖಚಿತವಾಗಿ ನೆನಪಿದೆ. ಮೊದಲ ಸುತ್ತಿನಲ್ಲಿ ಆ ಹುಡುಗಿ ಹೇಗೆ ಮಾಡಿದಳೆಂದು ಉಳಿದ ಐವರಲ್ಲಿ ಯಾರಿಗೂ ಗೊತ್ತಿಲ್ಲ. ನಾಳೆ ಅವಳ ಪ್ರಯೋಗ ಪುಸ್ತಕವನ್ನು ಹುಡುಕುತ್ತೇನೆ.

ಮಿಷಿಗನ್ ಕನ್ನಡಿಗ

ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಬೇಸಿಗೆಯ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1987ರಿಂದ ಪದವಿ ವಿದ್ಯಾರ್ಥಿಗಳ ಸಂಶೋಧನಾನುಭವಕ್ಕೆಂದು ಆರ್.ಇ.ಯು. ಎಂಬ ಕಾರ್ಯಕ್ರಮ ನಡೆಸುತ್ತಿದೆ. ಅಲ್ಲಿ ವರದಿ ಸಲ್ಲಿಸುವ ಹೊಣೆ ವಿದ್ಯಾರ್ಥಿಯದಲ್ಲ, ಅನುದಾನ ಪಡೆದ ಮುಖ್ಯ ಸಂಶೋಧಕರದು. ಆಯಾ ಬಜೆಟ್ ಅವಧಿ ಮುಗಿಯುವುದಕ್ಕೆ 90 ದಿನ ಮೊದಲೇ ವಾರ್ಷಿಕ ವರದಿ ಹೋಗಬೇಕು, ಅನುದಾನ ಮುಗಿದ 120 ದಿನಗಳೊಳಗೆ ಅಂತಿಮ ವರದಿ. ತಡವಾದರೆ ಮುಂದಿನ ಹಣ ನಿಲ್ಲುತ್ತದೆ. ಆದ್ದರಿಂದ ಶಿಸ್ತಿಗೆ ಅಲ್ಲಿ ಕೊರತೆಯಿಲ್ಲ.

ಮೇಡಂ ಅವರ ಪ್ರಶ್ನೆಗೆ ಸಂಬಂಧಿಸಿದ ಎರಡು ಸಂಗತಿಗಳನ್ನು ಹೇಳಬೇಕು. ಆ ವಾರ್ಷಿಕ ವರದಿಯಲ್ಲಿ ಸಾಧನೆ, ಭಾಗವಹಿಸಿದವರು, ಪರಿಣಾಮ ಎಂಬ ಭಾಗಗಳ ಸಾಲಿನಲ್ಲಿಯೇ "ಬದಲಾವಣೆಗಳು ಮತ್ತು ಸಮಸ್ಯೆಗಳು" ಎಂಬ ಪ್ರತ್ಯೇಕ ಭಾಗವಿದೆ. ಅಂದುಕೊಂಡ ಹಾಗೆ ನಡೆಯದ್ದನ್ನು ಬರೆಯಲು ಜಾಗವನ್ನು ಅವರೇ ಬಿಟ್ಟಿರುವುದರಿಂದ, ಅಲ್ಲಿ ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಎರಡನೆಯದಾಗಿ, ಅನುದಾನ ಮುಗಿದಾಗ ಜನಸಾಮಾನ್ಯರಿಗಾಗಿ 200ರಿಂದ 800 ಪದಗಳ ಒಂದು ಫಲಶ್ರುತಿ ವರದಿಯನ್ನೂ ಬರೆಯಬೇಕು. ಅದು ತಿದ್ದುಪಡಿಯಿಲ್ಲದೆ ಸಾರ್ವಜನಿಕ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ತೆರಿಗೆ ಕಟ್ಟಿದವರು ಓದಿ ಅರ್ಥಮಾಡಿಕೊಳ್ಳುವಂತಿರಬೇಕು ಎಂಬುದು ಅದರ ಉದ್ದೇಶ. ನಮ್ಮಲ್ಲಿಯೂ ಎಲೆಚುಕ್ಕಿ ರೋಗದ ಬಗ್ಗೆ ಮಕ್ಕಳು ಏನು ಕಂಡರು ಎಂಬುದನ್ನು ಕನ್ನಡದಲ್ಲಿ ಎರಡು ಪುಟ ಬರೆದು ಗ್ರಾಮ ಪಂಚಾಯಿತಿಯ ಫಲಕಕ್ಕೆ ಅಂಟಿಸುವಂತಾದರೆ ಎಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಬಹಳ ಸಲ ಅನ್ನಿಸಿದೆ.

ನೇರಮಾತು

ಪಂಚಾಯಿತಿ ಫಲಕದ ಮಾತು ಹಿಡಿಸಿತು. ಬೆಳ್ಳುಳ್ಳಿಯ ವಿಷಯದಲ್ಲಿಯೂ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಕೃಷಿಕರನ್ನು ನಾನು ಯೋಚಿಸಿರಲಿಲ್ಲ. ಆದರೆ ಒಂದು ಮಾತನ್ನು ಬಿಡಲಾರೆ. ಅಲ್ಲಿ ನಮೂನೆಯಲ್ಲಿಯೇ ಸಮಸ್ಯೆಗಳಿಗೆ ಜಾಗವಿದೆ. ನಮ್ಮ ಬಹುತೇಕ ಕಾಲೇಜು ಕಚೇರಿಗಳು ಹಳೆಯ ವರದಿಯ ಪ್ರತಿಯನ್ನೇ ಮುಂದಿಟ್ಟುಕೊಂಡು ಹೊಸದನ್ನು ತಯಾರಿಸುತ್ತವೆ, ಆ ಹಳೆಯದರಲ್ಲಿ ಸಮಸ್ಯೆಯ ಸುಳಿವೇ ಇರುವುದಿಲ್ಲ. ಉಪನ್ಯಾಸಕರೊಬ್ಬರೇ ಅದನ್ನು ಎದುರಿಸಿ ನಿಲ್ಲಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಸರ್ಕ್ಯೂಟ್ ಬೋರ್ಡ್

ಎಂಜಿನಿಯರಿಂಗ್ ಕಡೆಯ ಅನುಭವ ಹೇಳುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಿಂದಲೂ ಅಂತಿಮ ವರ್ಷದವರ ಯೋಜನೆಗಳಿಗೆ ನೆರವು ಕೊಡುತ್ತಿದೆ; 2023-24ರದ್ದು 47ನೆಯ ಸರಣಿ. ನಮ್ಮ ತಂಡಕ್ಕೂ ಒಮ್ಮೆ ಸಿಕ್ಕಿತ್ತು. ಮೊತ್ತ ದೊಡ್ಡದಲ್ಲ, ಆದರೆ ವರದಿಯ ಜೊತೆಗೆ ಬಿಲ್ಲು ಸಹಿತ ಖರ್ಚಿನ ಲೆಕ್ಕ ಕೊಡಲೇಬೇಕು.

ನಾವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆನ್ಸರ್, ಮೋಟರ್, ತಂತಿಗಳನ್ನು ಕೊಂಡು ಬಿಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಜೋಪಾನವಾಗಿ ಇಟ್ಟಿದ್ದೆವು. ಆರು ತಿಂಗಳ ಮೇಲೆ ತೆಗೆದು ನೋಡಿದರೆ ಅರ್ಧಕ್ಕರ್ಧ ಬಿಲ್ಲುಗಳು ಬಿಳಿ ಹಾಳೆಗಳಾಗಿದ್ದವು. ಥರ್ಮಲ್ ಕಾಗದದ ಅಕ್ಷರ ಬಿಸಿಲು, ಶಾಖ ಮತ್ತು ಪ್ಲಾಸ್ಟಿಕ್ಕಿಗೆ ಅಳಿಸಿಹೋಗುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. 2,100 ರೂಪಾಯಿ ನಾಲ್ಕು ಜನ ಕೈಯಿಂದ ಹಾಕಿದೆವು. ಆದ್ದರಿಂದ ಮೇಡಂ, ಬಿಲ್ಲು ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಮೂಲವನ್ನೂ ಪ್ರತಿಯನ್ನೂ ಒಂದೇ ಎ4 ಹಾಳೆಗೆ ಅಂಟಿಸಿ, ಯಾವ ಪ್ರಯೋಗಕ್ಕೆ ತಂದದ್ದೆಂದು ಪಕ್ಕದಲ್ಲಿ ಬರೆದು, ಮಾರ್ಗದರ್ಶಕರ ಸಹಿ ಹಾಕಿಸಲು ಮಕ್ಕಳಿಗೆ ಮೊದಲ ವಾರವೇ ಕಲಿಸಿ.

ಬಯಲುಸೀಮೆ

ಎಲ್ಲರೂ ಬಿಟ್ಟಿರುವ ಒಂದು ವಿಷಯವಿದೆ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್, ವಿದ್ಯಾರ್ಥಿಯ ವರ್ಷ ಸೆಮಿಸ್ಟರಿನದು, ರೋಗದ ವರ್ಷ ಮಳೆಯದು. ಹಣ ಬಂದಿದೆಯೆಂದು ನಮ್ಮ ವಿಭಾಗಕ್ಕೆ ಒಮ್ಮೆ ತಿಳಿದದ್ದೇ ಮಾರ್ಚ್ ಎರಡನೆಯ ವಾರದಲ್ಲಿ. ಆ ವರ್ಷದ ಯು.ಸಿ.ಯಲ್ಲಿ ಖರ್ಚು ಸೊನ್ನೆ. ಯೋಜನೆ ನಡೆಯಲೇ ಇಲ್ಲವೆಂದು ಯಾರಾದರೂ ಭಾವಿಸಿದರೆ ಏನು ಮಾಡುವುದೆಂದು ರಾತ್ರಿಯೆಲ್ಲ ನಿದ್ದೆಯಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಸಂಶೋಧನೆಗೆಂದೇ ಇದ್ದ ನಾಲ್ಕನೆಯ ವರ್ಷದ ದಾರಿಯೂ ಆಮೇಲೆ ಸೇರಿದ ನಮ್ಮ ಮಕ್ಕಳಿಗೆ ಮುಚ್ಚಿತು. ಇಂಥ ಸಣ್ಣ ಯೋಜನೆಗಳೇ ಈಗ ಅವರ ಪಾಲಿಗೆ ಉಳಿದಿರುವುದು. ಅವೂ ದಿನಾಂಕಗಳ ನಡುವೆ ಸಿಕ್ಕಿ ನಲುಗಬಾರದು.

ಹಳೆಯ ಲೆಡ್ಜರ್

ಬಯಲುಸೀಮೆಯವರೇ, ಸೊನ್ನೆ ಖರ್ಚಿನ ಯು.ಸಿ.ಗೆ ಹೆದರಬೇಡಿ. ಹಣ ಬಂದ ದಿನಾಂಕ ಮಂಜೂರಾತಿ ಪತ್ರದಲ್ಲಿಯೂ ಬ್ಯಾಂಕಿನ ತಖ್ತೆಯಲ್ಲಿಯೂ ಇರುತ್ತದೆ. ಪ್ರಗತಿ ವರದಿಯ ಮೊದಲ ಪ್ಯಾರಾದಲ್ಲಿ "ಅನುದಾನ ಇಂಥ ದಿನ ಕೈಸೇರಿತು, ಪ್ರಯೋಗ ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ನಡೆಯಿತು" ಎಂದು ಎರಡು ಸಾಲು ಬರೆದು, ಉಳಿದ ಮೊತ್ತವನ್ನು ಮುಂದಿನ ವರ್ಷಕ್ಕೆ ಕೊಂಡೊಯ್ಯಲು ಅನುಮತಿ ಕೋರಿ ಪ್ರತ್ಯೇಕ ಪತ್ರ ಬರೆಯಿರಿ. ಅನುಮತಿ ಬರುವ ಮೊದಲು ಖರ್ಚು ಮಾಡಬೇಡಿ. ನಿಮ್ಮ ಕಾಲೇಜಿನ ಲೆಕ್ಕವನ್ನು ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸುವುದಾದರೆ ಅವರ ಸಹಿಯ ಜೊತೆ ಯು.ಡಿ.ಐ.ಎನ್., ಅಂದರೆ ಆ ದಾಖಲೆಯದೇ ಪ್ರತ್ಯೇಕ ಗುರುತಿನ ಸಂಖ್ಯೆ, ಇದೆಯೇ ಎಂದು ನೋಡಿಕೊಳ್ಳಿ. 2019ರ ಫೆಬ್ರವರಿಯಿಂದ ಪ್ರತಿಯೊಂದು ಪ್ರಮಾಣಪತ್ರಕ್ಕೂ ಅದು ಕಡ್ಡಾಯ.

ಅಡಿಕೆನಾಡಿನ ಉಪನ್ಯಾಸಕಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹುಡುಗಿಯ ಪ್ರಯೋಗ ಪುಸ್ತಕ ಕಪಾಟಿನಲ್ಲಿ ಸಿಗಲಿಲ್ಲ. ಆದರೆ ಸರ್ಕ್ಯೂಟ್ ಬೋರ್ಡ್ ಅವರ ಬಿಲ್ಲಿನ ಮಾತು ಓದಿದ ಮೇಲೆ ವಿಭಾಗದ ದಾಸ್ತಾನು ಪುಸ್ತಕ ತೆರೆದೆ. ಆಗಸ್ಟ್ 19ರ ಸಾಲಿನಲ್ಲಿ "ಸಿರಿಂಜ್ ಫಿಲ್ಟರ್ 10" ಎಂದಿದೆ, ಎದುರಿಗೆ ಅವಳ ಸಹಿ. ಎರಡನೆಯ ಸುತ್ತು ಶುರುವಾದ ಅಕ್ಟೋಬರಿನಲ್ಲಿ ಆ ವಸ್ತುವಿನ ಶಿಲ್ಕು ಸೊನ್ನೆ. ಅವಳು ಸೋಸಿ ಸೇರಿಸಿದ್ದಳು. ಉಳಿದವರಿಗೆ ಫಿಲ್ಟರ್ ಇರಲಿಲ್ಲ, ಏಕೆ ಬೇಕೆಂದೂ ತಿಳಿದಿರಲಿಲ್ಲ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪು.

ಫ್ರಿಜ್ಜಿನ ಹಿಂದಿನ ಸಾಲಿನಲ್ಲಿ ಅವಳು ಇಟ್ಟುಹೋದ ಶಿಲೀಂಧ್ರದ ನಳಿಕೆಗಳು ಇನ್ನೂ ಇವೆ. ಒಂದರ ಮೇಲೆ ಅವಳ ದುಂಡನೆಯ ಅಕ್ಷರದಲ್ಲಿ "ಕೆಳಗಿನ ತೋಟ, ಬಾವಿ ಪಕ್ಕದ ಮರ" ಎಂದು ಚೀಟಿ ಅಂಟಿಸಿದೆ. ನಿನ್ನೆ ಫೋನು ಮಾಡಿದೆ. "ಪುಸ್ತಕ ನನ್ನ ಹತ್ತಿರವೇ ಇದೆ ಮೇಡಂ, ಹಿಂತಿರುಗಿಸಬೇಕಿತ್ತು, ಕಾಲೇಜಿಗೆ ಬರಲು ಸಂಕೋಚವಾಯಿತು" ಎಂದಳು. ಶನಿವಾರ ಬರುತ್ತಾಳೆ. ಮೊದಲ ಸುತ್ತಿನ ಭಾಗವನ್ನು ಅವಳೇ ಬರೆಯುತ್ತಾಳೆ, ಎರಡನೆಯದನ್ನು ಉಳಿದ ಐವರು.

ಪ್ರಾಂಶುಪಾಲರ ಮುಂದೆ ದಾಸ್ತಾನು ಪುಸ್ತಕವನ್ನೇ ಇಟ್ಟು ವಿವರಿಸಿದೆ. "ಎದುರಾದ ತೊಂದರೆಗಳು ಮತ್ತು ಅವುಗಳ ಕಾರಣ" ಎಂಬ ಉಪಶೀರ್ಷಿಕೆಯಡಿ ಬರೆಯಲು ಒಪ್ಪಿದ್ದಾರೆ. ಹೆಸರಿನ ವಿಷಯದಲ್ಲಿ "ಜುಲೈನಿಂದ ಸೆಪ್ಟೆಂಬರ್‌ವರೆಗೆ ಭಾಗವಹಿಸಿದರು" ಎಂದು ಅವಧಿ ನಮೂದಿಸಿ ಸೇರಿಸೋಣ ಎಂದರು. ಉಳಿದಿರುವ 2,740 ರೂಪಾಯಿಯಲ್ಲಿ ಸಿರಿಂಜ್ ಫಿಲ್ಟರ್ ತಂದು ಮೂರನೆಯ ಸುತ್ತು ನಡೆಸಲು ಅನುಮತಿ ಕೇಳಬಹುದೇ ಲೆಡ್ಜರ್ ಸರ್?

ಹಳೆಯ ಲೆಡ್ಜರ್

ಖಂಡಿತ ಕೇಳಿ ಮೇಡಂ. ಪತ್ರದಲ್ಲಿ ಫಿಲ್ಟರಿನ ಅಂದಾಜು ಬೆಲೆ ನಮೂದಿಸಿ, ಆಗಸ್ಟ್ 19ರ ದಾಸ್ತಾನು ಪುಟದ ಪ್ರತಿ ಲಗತ್ತಿಸಿ. ಬಡ್ಡಿ ಬಂದಿದ್ದರೆ ಅದನ್ನು ಕಟ್ಟಿದ ರಸೀದಿಯೂ ಅದೇ ಕಡತದಲ್ಲಿರಲಿ.

ಶಿಲೀಂಧ್ರ ಪ್ರಿಯ

ಮೂರನೆಯ ಸುತ್ತಿನಲ್ಲಿ ಸೋಸಿದ ರಸದ ಪ್ಲೇಟುಗಳನ್ನೂ ಆಟೋಕ್ಲೇವ್ ಮಾಡಿದ ರಸದ ಪ್ಲೇಟುಗಳನ್ನೂ ಒಂದೇ ದಿನ, ಪಕ್ಕಪಕ್ಕದಲ್ಲಿ ಇಡಿಸಿ. ಕೆಳಗಿನ ತೋಟದ ಆ ನಳಿಕೆಯಿಂದಲೇ ಶಿಲೀಂಧ್ರ ತೆಗೆದುಕೊಳ್ಳಿ.